ನನ್ನ ಫೋನಿನಾಗ ಉಳಕೊಂಡ ಆ್ಯಪ್‌ಗಳು

 

ಈ ಸಲ ಅಡಿಗೀನೂ ಇಲ್ಲ, ಹಬ್ಬಾನೂ ಇಲ್ಲ, ಫೋನಿನ ವಿಷಯ ಬರೀಲಿಕ್ಕೆ ಕೂತೀನಿ. ಓಣ್ಯಾಗಿನ ವೈನಿ, ಬೆಳಗಾವಿ ಅಕ್ಕ, ನಮ್ಮ ಚಿಗವ್ವನ ಮಗಳು, ಮೂರೂ ಮಂದಿ ಬ್ಯಾರೆ ಬ್ಯಾರೆ ಹೊತ್ತಿನಾಗ ಕೇಳಿದ್ದು ಒಂದ ಪ್ರಶ್ನಿ. ಮಗಳ ಬಾಣಂತನಕ್ಕ ಅಂತ ನಾ ಎರಡು ತಿಂಗಳು ಪುಣೆದಾಗ ಇದ್ದೆ, ಇಲ್ಲೆ ಧಾರವಾಡದಾಗ 82 ವರ್ಷದ ಅತ್ತಿಯವರು ಮತ್ತ ನಮ್ಮನಿಯವರು ಇಬ್ಬರ. ಮನಿ ಹೆಂಗ ನಡೀತು? "ಫೋನಿನಾಗ ಎಲ್ಲಾ ಬರೆದಿಟ್ಟು ಹೋಗಿದ್ದೆ" ಅಂದ್ರ, "ಅದ್ಯಾವ ಆ್ಯಪು, ನಮಗೂ ಹಾಕಿಕೊಡು" ಅಂದ್ರು. ಆ್ಯಪ್ ಹಾಕಿಕೊಡೂದು ಎರಡು ನಿಮಿಷದ ಕೆಲಸ. ಅದನ್ನ ಯಾತಕ್ಕ ಹಾಕ್ಕೋಬೇಕು ಅನ್ನೂದು ಹೇಳ್ಲಿಕ್ಕೆ ಸ್ವಲ್ಪ ಹೊತ್ತು ಹಿಡೀತದ. ಅದಕ್ಕ ಎಲ್ಲಾರಿಗೂ ಒಮ್ಮೆಲೆ ಸೇರಿಸಿ ಬರೀತೀನಿ.

ನಮ್ಮಂಥ ಹೆಣ್ಣುಮಕ್ಕಳ ಕೆಲಸದಾಗ ಎರಡು ನಮೂನಿ ಅವ ನೋಡ್ರಿ. ಒಂದು ಕೈಲೆ ಮಾಡೂದು. ರೊಟ್ಟಿ ಬಡಿಯೂದು, ಅರಿವಿ ಒಗಿಯೂದು, ಕಸಾ ಮುಸರಿ. ಅದು ಎಲ್ಲಾರ ಕಣ್ಣಿಗೂ ಕಾಣ್ತದ. ಇನ್ನೊಂದು ತಲ್ಯಾಗ ಮಾಡೂದು. ಸಿಲಿಂಡರ್ ಹಚ್ಚಿ ಎಷ್ಟು ದಿನಾ ಆತು, ಅತ್ತಿ ಬಿಪಿ ಗುಳಿಗಿ ಇನ್ನ ಎಷ್ಟು ಉಳದಾವ, ಎಲ್‌ಐಸಿ ಕಂತು ಯಾವಾಗ, ಮಾವನವರ ತಿಥಿ ಈ ವರ್ಷ ಯಾವ ತಾರೀಖಿಗೆ ಬರ್ತದ, ಹಾಲಿನವ ಹೋದ ತಿಂಗಳು ಎಷ್ಟು ದಿನಾ ಹಾಕಿಲ್ಲ, ಯಾರ ಮನಿ ಮುಂಜಿವಿಗೆ ಏನು ಉಡುಗೊರಿ ಕೊಟ್ಟೀವಿ. ಇದು ಯಾರ ಕಣ್ಣಿಗೂ ಕಾಣೂದಿಲ್ಲ. ಕೈ ಕೆಲಸ ರಾತ್ರಿ ಒಂಬತ್ತಕ್ಕ ಮುಗೀತದ, ತಲಿ ಕೆಲಸ ಮುಗಿಯೂದ ಇಲ್ಲ. ಹಾಸಿಗ್ಯಾಗ ಬಿದ್ದ ಮ್ಯಾಲೂ "ಅಯ್ಯ, ನಾಳಿಗೆ ಮೊಸರಿಗೆ ಹೆಪ್ಪು ಹಾಕಿಲ್ಲ" ಅಂತ ಎದ್ದು ಕೂಡ್ತೀವಿ.

ನಮ್ಮ ಅವ್ವ ಎಲ್ಲಾನೂ ತಲ್ಯಾಗ ಇಟ್ಟುಕೊಂಡಾಕಿ. ಯಾರ ಮನಿ ಬಳಿ ಎಷ್ಟು ವರ್ಷದ್ದು, ಯಾವ ಅಂಗಡಿ ತೊಗರಿ ಬ್ಯಾಳಿ ಲಗೂನ ಬೇಯ್ತದ, ಎಲ್ಲಾ. ಆಕಿ ಹೋದ ಮ್ಯಾಲ ನಾವು ಅಕ್ಕತಂಗ್ಯಾರು ಆಕಿ ಹಂಗ ಮೆಂತೆ ಹಿಟ್ಟು ಮಾಡ್ಲಿಕ್ಕೆ ಹೋದ್ರ ಅಳತಿನ ಯಾರಿಗೂ ಗೊತ್ತಿಲ್ಲ. ಒಬ್ಬಾಕಿ ಗೋದಿ ಹೆಚ್ಚ ಅಂದ್ಲು, ಇನ್ನೊಬ್ಬಾಕಿ ಕಡ್ಲಿಬ್ಯಾಳಿ ಹೆಚ್ಚ ಅಂದ್ಲು. ಆ ರುಚಿ ಮತ್ತ ಬರಲೇ ಇಲ್ಲ. ಒಬ್ಬರ ತಲ್ಯಾಗ ಇದ್ದದ್ದು ಅವರ ಸಂಗಟನ ಹೋಗ್ತದ. ಇದು ನನ್ನ ಮನಸಿನಾಗ ಕೂತುಬಿಟ್ಟದ.

ಹಿಂದಿನವರಿಗೂ ಒಂದು ಆ್ಯಪ್ ಇತ್ತು. ಅಡಿಗಿ ಮನಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್. ಹಾಲಿನ ಲೆಕ್ಕ ಅದರ ಮ್ಯಾಲ, ಸಿಲಿಂಡರ್ ಬಂದ ತಾರೀಖು ಅದರ ಮ್ಯಾಲ, ಕೆಲಸದಾಕಿ ಬರದಿದ್ದ ದಿನಕ್ಕ ಒಂದು ಕಾಟು ಅದರ ಮ್ಯಾಲ. ಅದರ ದೊಡ್ಡ ಗುಣ ಏನಂದ್ರ, ಅದು ಎಲ್ಲಾರಿಗೂ ಕಾಣೂ ಹಂಗ ಇರ್ತಿತ್ತು. ಯಾರು ಬೇಕಾದ್ರೂ ನೋಡಬಹುದು, ಯಾರು ಬೇಕಾದ್ರೂ ಬರೀಬಹುದು. ಹೊಸಾ ಆ್ಯಪ್ ಯಾವುದ ಬರಲಿ, ನಾ ಇದೊಂದ ಪರೀಕ್ಷಾ ಹಚ್ಚತೀನಿ. ಇದು ನನ್ನ ತಲ್ಯಾಗಿನ ವಿಷಯ ತೆಗೆದು ಮನಿಯವರಿಗೆ ಕಾಣೂ ಹಂಗ ಇಡ್ತದೋ, ಇಲ್ಲಾ ನನ್ನ ತಲಿಯಿಂದ ತೆಗೆದು ನನ್ನ ಫೋನಿನಾಗ ಮುಚ್ಚಿಡ್ತದೋ? ಮೊದಲಿನದಾದ್ರ ಇರಲಿ, ಎರಡನೇದಾದ್ರ ಬ್ಯಾಡ. ಹಿಂಗ ಸೋಸಿದ ಮ್ಯಾಲ ಉಳದದ್ದು ಏಳೆಂಟು.

ಮೊದಲಿನದು ಗೂಗಲ್ ಕೀಪ್. ಹಳದಿ ಬಣ್ಣದ ಚಿತ್ರ ಇರ್ತದ. ಇದು ಒಂದು ಚೀಟಿ ಅಷ್ಟ. ಆದ್ರ ಈ ಚೀಟಿ ನನ್ನ ಫೋನಿನಾಗ, ನಮ್ಮನಿಯವರ ಫೋನಿನಾಗ, ಮಗಳ ಫೋನಿನಾಗ, ಮೂರೂ ಕಡೆ ಒಂದ ಇರ್ತದ. ನಾ ಅಡಿಗಿ ಮನ್ಯಾಗ ನಿಂತು "ಶೇಂಗಾ ಒಂದು ಕೆಜಿ" ಅಂತ ಸೇರಿಸಿದ್ರ ಕಿರಾಣಿ ಅಂಗಡ್ಯಾಗ ನಿಂತ ನಮ್ಮನಿಯವರಿಗೆ ಅಲ್ಲೇ ಕಾಣ್ತದ. ಅವರು ತಗೊಂಡ ಕೂಡಲೆ ಚೌಕದ ಮ್ಯಾಲ ಒತ್ತಿದ್ರ ಅದಕ್ಕ ಗೆರಿ ಬಿದ್ದು ಕೆಳಗ ಹೋಗ್ತದ. ಮೊದಲ ಅಂಗಡಿಯಿಂದ ನಾಕು ಸಲ ಫೋನು ಬರ್ತಿತ್ತು, "ಅವಲಕ್ಕಿ ತೆಳ್ಳಂದೋ ದಪ್ಪಂದೋ?" ಅಂತ. ಈಗ ಚೀಟ್ಯಾಗ "ಅವಲಕ್ಕಿ, ತೆಳ್ಳಂದು, ಹಚ್ಚಲಿಕ್ಕೆ" ಅಂತನ ಬರೆದಿರ್ತದ.

ಇದರಾಗ ಭಾಳ ಮಂದಿಗೆ ಗೊತ್ತಿಲ್ಲದ ಒಂದು ಉಪಯೋಗ ಹೇಳ್ತೀನಿ. ತಿಂಗಳ ಕಿರಾಣಿ ಯಾದಿ ಪ್ರತಿ ತಿಂಗಳು ಹೊಸದಾಗಿ ಬರೀಬ್ಯಾಡ್ರಿ. ಒಮ್ಮೆ ಪೂರ್ತಿ ಬರೆದಿಡ್ರಿ: ಜ್ವಾಳ, ಗೋದಿ, ತೊಗರಿಬ್ಯಾಳಿ, ಗುರೆಳ್ಳು, ಪುಟಾಣಿ, ಚುರುಮುರಿ, ಬೆಲ್ಲ, ಚಹಾಪುಡಿ, ಸಬಕಾರ. ಎಲ್ಲಾ ತಂದು ಎಲ್ಲಾದಕ್ಕೂ ಗೆರಿ ಬಿತ್ತು ಅನ್ನೋಣ. ಮುಂದಿನ ತಿಂಗಳು ಚೀಟಿಯ ಮೂರು ಚುಕ್ಕಿ ಒತ್ತಿದ್ರ ಎಲ್ಲಾ ಗೆರಿ ಒಮ್ಮೆಲೆ ತೆಗಿಯೂ ಆಯ್ಕೆ ಅದ. ಅದನ್ನ ಒತ್ತಿ, ಡಬ್ಬಿ ನೋಡಿಕೋತ, ಬ್ಯಾಡಾದದ್ದಕ್ಕ ಗೆರಿ ಹೊಡಕೋತ ಹೋಗ್ರಿ. ಹತ್ತು ನಿಮಿಷದಾಗ ಯಾದಿ ತಯಾರ.

ಕೀಪ್‌ನಾಗ ನಾ ಇಟ್ಟ ಚೀಟಿ ಭಾಳ ಇಲ್ಲ. ಒಂದು ಕಿರಾಣಿದು. ಒಂದು ಸಿಲಿಂಡರ್‌ದು, ಹಚ್ಚಿದ ತಾರೀಖು, ತೀರಿದ ತಾರೀಖು ಅಷ್ಟ. ನಮ್ಮ 14.2 ಕೆಜಿ ಸಿಲಿಂಡರ್ ಮೂರು ಮಂದಿಗೆ ಸುಮಾರು 40 ದಿನಾ ಬರ್ತದ, ದೀಪಾವಳಿ ತಿಂಗಳದಾಗ 30ಕ್ಕ ತೀರ್ತದ ಅಂತ ಒಂದು ವರ್ಷದ ಲೆಕ್ಕದಿಂದ ತಿಳೀತು. ಇನ್ನೊಂದು ಚೀಟಿ "ಯಾರಿಗೆ ಹೇಳಬೇಕು" ಅಂತ: ನಳದವ, ಕರೆಂಟಿನವ, ಮಿಕ್ಸರ್ ರಿಪೇರಿಯವ, ಭಟ್ಟರು, ಹೂವಿನಾಕಿ. ಮತ್ತ ಎಲ್ಲಾದಕ್ಕಿಂತ ಮ್ಯಾಲ ಪಿನ್ ಹಚ್ಚಿ ಇಟ್ಟದ್ದು "ಅತ್ತಿ ಗುಳಿಗಿ". ಅದರ ಕಥಿ ಆಮ್ಯಾಲ ಹೇಳ್ತೀನಿ.

ಎರಡನೇದು ಗೂಗಲ್ ಕ್ಯಾಲೆಂಡರ್. ಇದರಾಗ ನಾ "ಮನಿ" ಅಂತ ಒಂದು ಬ್ಯಾರೆ ಕ್ಯಾಲೆಂಡರ್ ಮಾಡಿ ಮೂವರಿಗೂ ಕಾಣೂ ಹಂಗ ಇಟ್ಟೀನಿ. ಈ ಕೆಲಸ ಕಂಪ್ಯೂಟರ್‌ನಾಗ ಮಾಡಿದೆ, ದೊಡ್ಡ ಪರದಿ ಮ್ಯಾಲ ಸಸಾರ ಆಗ್ತದ. ಹುಟ್ಟಿದ ದಿನ, ಲಗ್ನದ ದಿನ, ಎಲ್‌ಐಸಿ, ಗಾಡಿ ಇನ್ಶೂರೆನ್ಸ್, ಮನಿ ಪಟ್ಟಿ, ಇವನ್ನ ಒಮ್ಮೆ ಬರೆದು "ಪ್ರತಿ ವರ್ಷ" ಅಂತ ಒತ್ತಿದ್ರ ಮುಗೀತು. ವಾರ ಮೊದಲ ಒಮ್ಮೆ, ಹಿಂದಿನ ದಿನ ಒಮ್ಮೆ ನೆನಪು ಮಾಡು ಅಂತನೂ ಹೇಳಬಹುದು.

ಆದ್ರ ಹಬ್ಬ ಮತ್ತ ಶ್ರಾದ್ಧಕ್ಕ ಈ "ಪ್ರತಿ ವರ್ಷ" ನಡಿಯೂದಿಲ್ಲ. ಅವು ತಿಥಿ ಮ್ಯಾಲ ಬರ್ತಾವ, ತಾರೀಖಿನ ಮ್ಯಾಲ ಅಲ್ಲ. ನಮ್ಮ ಪಂಚಮಿನ ನೋಡ್ರಿ, 2023ರಾಗ ಅಧಿಕ ಶ್ರಾವಣ ಬಂದು ಆಗಸ್ಟ್ 21ಕ್ಕ ಹೋತು, 2024ರಾಗ ಆಗಸ್ಟ್ 9ಕ್ಕ, 2025ರಾಗ ಜುಲೈ 29ಕ್ಕ ಬಂತು. ಚಾಂದ್ರಮಾನದ ವರ್ಷ 354 ದಿನದ್ದು, ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನಾ ಸಣ್ಣದು, ಅದಕ್ಕ ಹಿಂಗ ಹಿಂದ ಸರೀತದ. ಸಂಕ್ರಾಂತಿ ಒಂದು ಸೂರ್ಯನ ಲೆಕ್ಕದ್ದು, ಅದು ಜನವರಿ 14 ಇಲ್ಲಾ 15 ಬಿಟ್ಟು ಹೋಗೂದಿಲ್ಲ. ಹಿಂಗಾಗಿ ಯುಗಾದಿಗೆ ಹೊಸಾ ಪಂಚಾಂಗ ಬಂದ ಮ್ಯಾಲ ಒಂದು ಮಧ್ಯಾಹ್ನ ಅತ್ತಿಯವರು ಪಂಚಾಂಗ ಹಿಡಕೊಂಡು ಕೂಡ್ತಾರ, ನಾ ಫೋನ್ ಹಿಡಕೊಂಡು ಕೂಡ್ತೀನಿ. ಅವರು ಓದ್ತಾರ, ನಾ ಹಾಕ್ತೀನಿ. ಮಾವನವರ ತಿಥಿ, ನಮ್ಮ ಅಪ್ಪ ಅವ್ವನ ತಿಥಿ, ಶ್ರಾವಣ ಸೋಮವಾರ, ಗೌರಿ, ನವರಾತ್ರಿ, ಪಕ್ಷಮಾಸ. ಒಂದು ತಾಸಿನಾಗ ವರ್ಷದ್ದೆಲ್ಲಾ ಆಗ್ತದ. ಪಂಚಾಂಗ ಓದೂದು ಅವರ ಕೆಲಸ ಅಂತ ಅತ್ತಿಯವರಿಗೂ ಭಾಳ ಖುಷಿ. ಅವರಿಗೆ ಗೊತ್ತಿದ್ದ ಕೆಲವು ತಿಥಿ, ನಮ್ಮನಿಯವರ ಮುತ್ಯಾ ಅಜ್ಜಿದು, ನಮ್ಮ ಮನ್ಯಾಗ ಬ್ಯಾರೆ ಯಾರಿಗೂ ಗೊತ್ತಿರಲಿಲ್ಲ. ಈಗ ಅವೂ ಬಂದು ಕೂತಾವ.

ಮೂರನೇದಕ್ಕ ನೀವು ನಗತೀರಿ. ಫೋನಿನ ಸಂಗಟನ ಬರೂ ಗಡಿಯಾರ. ಅಲಾರಾಮಿಗೆ ಹೆಸರು ಇಡಬಹುದು ಅನ್ನೂದು ಎಷ್ಟೋ ಮಂದಿಗೆ ಗೊತ್ತಿಲ್ಲ. ಅತ್ತಿಯವರ ಹಳೇ ಫೋನಿನಾಗ, ಅವರ ಖೋಲ್ಯಾಗನ, ಮೂರು ಅಲಾರಾಮ್ ಅವ: "ತಿಂಡಿಗಿಂತ ಮೊದಲಿಂದು", "ಊಟಾ ಆದ ಮ್ಯಾಲಿಂದು", "ರಾತ್ರಿದು". ನನ್ನ ಫೋನಿನಾಗ ಇಟ್ಟಿದ್ರ ನಾ ಗುಡಿಗೆ ಹೋದಾಗ ಗುಡ್ಯಾಗ ಬಾರಿಸ್ತಿತ್ತು. ಅಲ್ಲೆ ಅವರ ಖೋಲ್ಯಾಗ ಬಾರಿಸಿದ್ರ ಮನ್ಯಾಗ ಇದ್ದವರಿಗೆಲ್ಲಾ ಕೇಳಸ್ತದ. ಯಾರು ಹತ್ರ ಇರ್ತಾರೋ ಅವರು ನೀರು ತಂದು ಕೊಡ್ತಾರ. ಗುಳಿಗಿ ನೆನಪು ಮಾಡೂದಕ್ಕ ಅಂತನ ಬ್ಯಾರೆ ಆ್ಯಪ್ ಅವ, ಹಾಕಿ ನೋಡಿ ತೆಗೆದೆ. ಇಷ್ಟು ಸಾಕು.

ನಾಕನೇದು ಗೂಗಲ್ ಶೀಟ್ಸ್. ಇದನ್ನ ನಾ ಕಂಪ್ಯೂಟರ್‌ನಾಗ ಮಾಡ್ತೀನಿ, ಫೋನಿನಾಗ ನೋಡ್ತೀನಿ. ಇದು ಚೌಕಳಿ ಹಾಕಿದ ಲೆಕ್ಕದ ಪುಸ್ತಕ ಇದ್ದಂಗ. ಇದರಾಗ ನನ್ನವು ಎರಡ ಹಾಳಿ. ಒಂದು ನಮ್ಮ ಭಿಶಿದು. ಹನ್ನೆರಡು ಮಂದಿ, ತಿಂಗಳಿಗೆ ತಲಿಗೆ 1,000 ರೂಪಾಯಿ, ತಿಂಗಳಾ ಒಬ್ಬರಿಗೆ 12,000. ಆಡ್ಡ ಸಾಲಿನಾಗ ಹೆಸರು, ಮ್ಯಾಲ ತಿಂಗಳು. ಕೊಟ್ಟವರ ಮುಂದ 1,000 ಅಂತ ಬರೆದ್ರ ಕೆಳಗ ಒಟ್ಟು ತಾನ ಬರ್ತದ. ಇದರ ಲಿಂಕ್ ಹನ್ನೆರಡೂ ಮಂದಿಗೆ ಕಳಿಸೀನಿ, "ನೋಡಬಹುದು, ತಿದ್ದಲಿಕ್ಕೆ ಬರೂದಿಲ್ಲ" ಅನ್ನೂ ಹಂಗ. ರೊಕ್ಕದ ವಿಷಯದಾಗ ಬಾಯಿ ಮಾತಿಗಿಂತ ಕಣ್ಣಿಗೆ ಕಾಣೂದು ಒಳ್ಳೇದು. "ನಾ ಕೊಟ್ಟಿದ್ನಲ್ಲಾ", "ಎಲ್ಲಿ ಕೊಟ್ಟೀ" ಅನ್ನೂ ಮಾತು ನಮ್ಮ ಭಿಶಿಯಾಗ ಈಗ ಹುಟ್ಟೂದ ಇಲ್ಲ.

ಇನ್ನೊಂದು ಹಾಳಿ ಅತ್ತಿಯವರ ಬಿಪಿ ಮತ್ತ ಶುಗರ್‌ದು. ತಾರೀಖು, ಬೆಳಿಗ್ಗೆ ಉಪವಾಸದ ಶುಗರ್, ಬಿಪಿ ಮ್ಯಾಲಿಂದು, ಬಿಪಿ ಕೆಳಗಿಂದು, ಕಡೀಗೆ ಒಂದು ಮಾತು: "ತಲಿ ತಿರಗತದ ಅಂದ್ರು", "ನಿದ್ದಿ ಬರಲಿಲ್ಲ". ವಾರಕ್ಕ ಎರಡು ಸಲ ಸಾಕು. ಡಾಕ್ಟರ ಕಡೆ ಹೋದಾಗ "ಹೆಂಗದ?" ಅಂದ್ರ "ಆರಾಮ ಅದ ರೀ" ಅಂತ ಅತ್ತಿಯವರು ಹೇಳ್ತಾರ, ಯಾವಾಗಲೂ. ಹಾಳಿ ಬ್ಯಾರೆ ಮಾತು ಹೇಳ್ತದ.

ಐದನೇದು ವಾಟ್ಸ್ಆ್ಯಪ್. ಇದು ನಿಮ್ಮೆಲ್ಲಾರ ಹತ್ರಾನೂ ಅದ, ಅದಕ್ಕ ಎರಡ ಮಾತು. ನಮ್ಮ ಓಣಿ ಹೆಣ್ಣುಮಕ್ಕಳ ಗ್ರೂಪಿನಾಗ ಶುಭೋದಯದ ಹೂವಿನ ನಡುವ "ನಳಾ ಬಂತು" ಅನ್ನೂ ಎರಡು ಶಬ್ದ ಬರ್ತದಲ್ಲಾ, ಅದರಷ್ಟು ಕೆಲಸದ ಮಾತು ಮತ್ತೊಂದಿಲ್ಲ. ದಿನಾ ನೀರು ಬರದ ಓಣ್ಯಾಗ ಇರಾಕಿಗೆ ಅದರ ಬೆಲಿ ಗೊತ್ತು. ಇನ್ನೊಂದು, ನಮಗ ನಾವ ಸಂದೇಶ ಕಳಿಸಿಕೊಳ್ಳೂದು. 2022ರ ಕೊನಿಗೆ ಈ ಸೌಕರ್ಯ ಬಂತು. ಯಾರರೆ ಕಳಿಸಿದ ವಿಳಾಸ, ಬಿಲ್ಲಿನ ಫೋಟೋ, ಲಗ್ನದ ಪತ್ರಿಕಾ, ಇವನ್ನ ನನಗ ನಾ ಕಳಿಸಿಕೊಂಡು ರವಿವಾರ ಕೂತು ಎಲ್ಲೆಲ್ಲಿ ಹೋಗಬೇಕೋ ಅಲ್ಲಲ್ಲಿ ಹಾಕ್ತೀನಿ. ಬಾಗಲದಾಗ ಇಟ್ಟ ಬುಟ್ಟಿ ಇದ್ದಂಗ, ಎಲ್ಲಾ ಅದರಾಗ ಬೀಳ್ತದ, ಆಮ್ಯಾಲ ಒಳಗ ಹೋಗ್ತದ.

"ಇಷ್ಟೆಲ್ಲಾ ಕನ್ನಡದಾಗ ಟೈಪ್ ಮಾಡೂದು ಹೆಂಗ?" ಅಂತ ಬೆಳಗಾವಿ ಅಕ್ಕ ಕೇಳಿದ್ಲು. ಅದಕ್ಕ ಆರನೇದು, ಜಿಬೋರ್ಡ್ ಅನ್ನೂ ಕೀಲಿಮಣಿ. ಎಷ್ಟೋ ಫೋನಿನಾಗ ಮೊದಲ ಇರ್ತದ, ಕನ್ನಡ ಭಾಷೆ ಸೇರಿಸಬೇಕು ಅಷ್ಟ. ಇಂಗ್ಲಿಷ್ ಅಕ್ಷರದಾಗ ಒತ್ತಿದ್ರೂ ಕನ್ನಡ ಬರ್ತದ, ಇಲ್ಲಾ ಮೈಕಿನ ಚಿತ್ರ ಒತ್ತಿ ಮಾತಾಡಿದ್ರೂ ಬರೀತದ. ಕೈ ಹಿಟ್ಟಾಗಿದ್ದಾಗ ಮೈಕ್ ಭಾಳ ಅನುಕೂಲ. ಕಂಪ್ಯೂಟರ್‌ನಾಗ ಗೂಗಲ್ ಡಾಕ್ಸ್ ತೆರೆದ್ರೂ ಹಿಂಗ ಮಾತಾಡಿ ಬರಿಸಬಹುದು, ಈ ಲೇಖನದ ಅರ್ಧ ಹಂಗ ಬಂದದ್ದು. ಆದ್ರ ನಾ "ಮನ್ಯಾಗ" ಅಂದ್ರ ಅದು "ಮನೆಗೆ" ಅಂತ ಬರೀತದ, "ಹೋಗೂಣ" ಅಂದ್ರ ಒಂದು ಕ್ಷಣ ಸುಮ್ಮನ ನಿಲ್ತದ. ಅದಕ್ಕ ಇನ್ನೂ ಧಾರವಾಡದ ನೀರು ಕುಡಿಸಿಲ್ಲ, ಬಿಡ್ರಿ. ತಿದ್ದಿಕೊಂಡ್ರ ಆತು.

ಇದರ ಜೋಡಿನ ಗೂಗಲ್ ಲೆನ್ಸ್. ಗುಳಿಗಿ ಪಾಕೀಟಿನ ಸಣ್ಣ ಇಂಗ್ಲಿಷ್ ಅಕ್ಷರದ ಮುಂದ ಫೋನ್ ಹಿಡಿದ್ರ ಕನ್ನಡದಾಗ ತೋರಸ್ತದ. ಅನುವಾದ ಕೆಲವು ಸಲ ಎಡವಟ್ಟು ಇರ್ತದ, ಅದಕ್ಕ ಗುಳಿಗಿ ಪ್ರಮಾಣದ ವಿಷಯಕ್ಕ ಅದನ್ನ ನಂಬಬ್ಯಾಡ್ರಿ, ಡಾಕ್ಟರ್ ಇಲ್ಲಾ ಔಷಧ ಅಂಗಡಿಯವರನ್ನ ಕೇಳ್ರಿ. ಆದ್ರ ಹೊಸಾ ಮಿಕ್ಸರ್ ಸಂಗಟ ಬಂದ ಕಾಗದ, ಬ್ಯಾಂಕಿನಿಂದ ಬಂದ ಪತ್ರ, ಏನದ ಅಂತ ತಿಳಕೊಳ್ಳಿಕ್ಕೆ ಮಗಳಿಗೆ ಫೋನ್ ಮಾಡೂದು ತಪ್ಪೇದ.

ಏಳನೇದು ರೊಕ್ಕದ್ದು, ಯುಪಿಐ. ಇದು 2016ರಾಗ ಬಂತು, ಆ ವರ್ಷದ ಕೊನಿಗೆ ಭೀಮ್ ಆ್ಯಪ್ ಬಂತು. ಯಾವ ಆ್ಯಪ್ ಬಳಸ್ತೀರಿ ಅನ್ನೂದು ನಿಮ್ಮ ಇಷ್ಟ. ನನಗ ಇದರಿಂದ ಆದ ದೊಡ್ಡ ಉಪಯೋಗ ಅಂದ್ರ ಖರ್ಚಿನ ಲೆಕ್ಕ ತಾನ ಉಳಿಯೂದು. ಹೆಸ್ಕಾಂ ಬಿಲ್ಲು, ಕಾಯಿಪಲ್ಯೆ, ಹಾಲು, ಎಲ್ಲಾ ತಾರೀಖು ಸಹಿತ ಇರ್ತದ. ಅದಕ್ಕ ಖರ್ಚು ಬರಿಯೂ ಆ್ಯಪ್ ಬ್ಯಾರೆ ಬೇಕಾಗಲಿಲ್ಲ. ಒಂದು ಮಾತು ಮಾತ್ರ ಮನಿ ಬಾಗಲಿಗೆ ರಂಗೋಲಿ ಹಾಕಿದಂಗ ದಿನಾ ನೆನಪಿಡ್ರಿ. ಪಿನ್ ಹಾಕೂದು ನಮ್ಮ ಖಾತೆದಿಂದ ರೊಕ್ಕ ಹೊರಗ ಹೋಗ್ಲಿಕ್ಕೆ. ರೊಕ್ಕ ಒಳಗ ಬರ್ಲಿಕ್ಕೆ ಪಿನ್ ಬೇಕಿಲ್ಲ, ಚೌಕದ ಚಿತ್ರ ಸ್ಕ್ಯಾನ್ ಮಾಡೂದೂ ಬೇಕಿಲ್ಲ. "ನಿಮಗ ರೊಕ್ಕ ಕಳಿಸ್ತೀವಿ, ಪಿನ್ ಒತ್ತರಿ" ಅಂದವ ಕಳ್ಳನ. ಯಾರಿಗರೆ ಹಂಗ ರೊಕ್ಕ ಹೋದ್ರ ನಾಚಿಕೊಂಡು ಸುಮ್ಮನ ಕೂಡಬ್ಯಾಡ್ರಿ, ಆ ಹೊತ್ತಿಗೆ 1930ಕ್ಕ ಫೋನ್ ಮಾಡ್ರಿ. ಅದು ಸರಕಾರದ ಸೈಬರ್ ಅಪರಾಧದ ಸಹಾಯವಾಣಿ. ಎಷ್ಟು ಲಗೂನ ಹೇಳ್ತೀರೋ ಅಷ್ಟು ಆ ರೊಕ್ಕ ತಡೀಲಿಕ್ಕೆ ಅನುಕೂಲ.

ಕಡೀದು ಡಿಜಿಲಾಕರ್. 2015ರಾಗ ಸುರು ಆದ ಸರಕಾರದ್ದ ಆ್ಯಪ್. ಆಧಾರ್, ಡ್ರೈವಿಂಗ್ ಲೈಸೆನ್ಸ್, ಗಾಡಿ ಆರ್‌ಸಿ ಇದರಾಗ ಬರ್ತಾವ. ಇದರಾಗ ಎರಡು ನಮೂನಿ ಕಾಗದ ಅವ, ಭೇದ ತಿಳಕೋರಿ. ಇಲಾಖೆಯಿಂದನ ನೇರ ಬಂದದ್ದಕ್ಕ ಅಸಲಿ ಕಾಗದದಷ್ಟ ಬೆಲಿ. ನಾವ ಫೋಟೋ ಹೊಡೆದು ಏರಿಸಿದ್ದು ಬರೇ ಫೋಟೋ ಅಷ್ಟ.

ಈಗ "ಅತ್ತಿ ಗುಳಿಗಿ" ಚೀಟಿ ಕಥಿ. ಅದರಾಗ ಒಂದೊಂದ ಸಾಲಿಗೆ ಒಂದೊಂದು ಗುಳಿಗಿ: ಹೆಸರು, ಎಷ್ಟು ಎಂಜಿ, ಯಾತಕ್ಕ, ಯಾವ ಹೊತ್ತಿಗೆ. ಕೆಳಗ ಪಾಕೀಟಿನ ಫೋಟೋ. ಅದರ ಕೆಳಗ ಬಿಪಿ ಹಾಳಿಯ ಲಿಂಕು, ಯಾವ ಔಷಧ ಅವರಿಗೆ ಒಗ್ಗೂದಿಲ್ಲ ಅನ್ನೂದು, ಡಾಕ್ಟರ ನಂಬರು. ಪುಣೆಕ್ಕ ಹೋಗೂ ಮೊದಲ ಇದನ್ನ ಕೂತು ಬರೆದು ನಮ್ಮನಿಯವರ ಕೈಲೆ ಒಮ್ಮೆ ತೆರೆಸಿ ಓದಿಸಿದೆ. "ನನಗೇನು ಓದ್ಲಿಕ್ಕೆ ಬರೂದಿಲ್ಲೇನು?" ಅಂದ್ರು. "ಬರ್ತದ್ರೀ, ಒಮ್ಮೆ ತೆರೀರಿ" ಅಂದೆ.

ಕೂಸಿಗೆ ಒಂಬತ್ತು ದಿನ ಆಗಿತ್ತು. ರಾತ್ರಿ ಹತ್ತೂವರಿಗೆ ನಮ್ಮನಿಯವರ ಫೋನು, ದವಾಖಾನಿಯಿಂದ. ಅತ್ತಿಯವರಿಗೆ ಎರಡು ದಿನದಿಂದ ತಲಿ ತಿರಗೂದು, ಆ ಸಂಜಿಗೆ ಮಾತು ಒಂದಕ್ಕೊಂದು ಕೂಡಲಾರದಂಗ ಆಗಿ, ಮಗನ್ನ ಹಿಡಕೊಂಡು "ನೀ ಯಾರಪಾ?" ಅಂದರಂತ. ನನ್ನ ಎದಿ ಡವ ಡವ ಅಂತು. ಬಾಣಂತಿ ಮಗಳನ್ನ ಬಿಟ್ಟು ರಾತ್ರಿ ಬಸ್ಸಿಗೆ ಹೊಂಡಲೇನು ಅನಿಸ್ತು. ಮೊದಲ ಮಾತ ನನ್ನ ಬಾಯಿಂದ ಬಂದದ್ದು, "ಗುಳಿಗಿ ಹೆಸರು ಬರಕೋರಿ, ಹೇಳ್ತೀನಿ" ಅಂತ. ಅವರು "ಆಗಲೇ ತೋರಿಸೀನಿ. ಡಾಕ್ಟರು ನನ್ನ ಫೋನ್ ಹಿಡಕೊಂಡ ನಿಂತಾರ" ಅಂದ್ರು.

ರಕ್ತ ತಪಾಸಣಾ ಮಾಡಿದ್ರ ಸೋಡಿಯಂ ಭಾಳ ಕಡಿಮಿ ಆಗಿತ್ತು. ಬಿಪಿಗೆ ಕೊಟ್ಟ ಗುಳಿಗ್ಯಾಗ ಒಂದು, ನೀರು ಹೊರಗ ಹಾಕೂ ಗುಳಿಗಿ. ವಯಸ್ಸಾದವರಿಗೆ ಅದರಿಂದ ಸೋಡಿಯಂ ಇಳಿಯೂದು ಉಂಟಂತ. ಚೀಟ್ಯಾಗ ಅದರ ಹೆಸರು, ಹಾಳ್ಯಾಗ ಎರಡು ವಾರದಿಂದ "ಊಟಾ ಸೇರೂದಿಲ್ಲ, ತಲಿ ತಿರಗತದ" ಅಂತ ನಮ್ಮನಿಯವರ ಬರೆದ ಮಾತು, ಎರಡೂ ಕೂಡಿ ಡಾಕ್ಟರಿಗೆ ಲಗೂನ ಗೊತ್ತಾತು. ಆ ಗುಳಿಗಿ ನಿಲ್ಲಿಸಿ, ಸಲೈನ್ ಹಚ್ಚಿ, ನಾಕನೇ ದಿನ ಮನಿಗೆ ಕಳಿಸಿದ್ರು. ಮರುದಿನ ಮುಂಜಾನೆ ಪುಣೆದಾಗ ನಾ ಫೋನ್ ತೆರೆದ್ರ ಚೀಟ್ಯಾಗ ಆ ಗುಳಿಗಿ ಮ್ಯಾಲ ಗೆರಿ ಬಿದ್ದಿತ್ತು. ಅದರ ಕೆಳಗ "ಡಾಕ್ಟರು ನಿಲ್ಲಿಸಿದ್ರು, ಮತ್ತ ಕೊಡಬಾರದು" ಅಂತ ನಮ್ಮನಿಯವರು ಬರೆದಿದ್ರು. ನಾ ಬಸ್ಸು ಹತ್ತಲಿಲ್ಲ. ಕೂಸಿಗೆ ಎಣ್ಣಿ ಹಚ್ಚಿ ಎರಿಲಿಕ್ಕೆ ಕೂತೆ.

ಊರಿಗೆ ಬಂದ ಮ್ಯಾಲ ನಮ್ಮನಿಯವರು ಚಾಷ್ಟಿ ಮಾಡಿದ್ರು, "ಎಲ್ಲಾ ಫೋನಿನಾಗ ಇಟ್ಟೀ, ಇನ್ನ ನಿನ್ನ ಕೆಲಸ ಏನು?" ಅಂತ. ಚಾಷ್ಟಿನ, ಆದ್ರೂ ಒಂದು ಕ್ಷಣ ಚುರುಕ್ ಅಂತು. ಮೂವತ್ತು ವರ್ಷ "ಆಕೀಗ ಕೇಳ್ರಿ, ಆಕೀಗ ಎಲ್ಲಾ ಗೊತ್ತಿರ್ತದ" ಅನ್ನಿಸಿಕೊಂಡಾಕಿ ನಾನು. ಅದೂ ಒಂದು ದೊಡ್ಡಸ್ತಿಕಿನ ಅಲ್ಲೇನು? ನೀವು ಎಲ್ಲಾರೂ ಒಳಗಿಂದೊಳಗ ಆ ದೊಡ್ಡಸ್ತಿಕಿ ಇಟ್ಟುಕೊಂಡವರ. ಆದ್ರ ಎಲ್ಲಾ ಗೊತ್ತಿದ್ದಾಕಿ ಎಲ್ಲೂ ಹೋಗೂ ಹಂಗಿಲ್ಲ, ಜಡ್ಡು ಬೀಳೂ ಹಂಗಿಲ್ಲ. ನನ್ನ ಮಗಳ ಹತ್ರ ಎರಡು ತಿಂಗಳು ಇರಲಿಕ್ಕೆ ನನಗ ಸಿಕ್ಕಿದ್ದು ಆ ದೊಡ್ಡಸ್ತಿಕಿ ಸ್ವಲ್ಪ ಕೆಳಗ ಇಟ್ಟದ್ದಕ್ಕ.

ಫೋನಿನಾಗ ಇಡಬಾರದ್ದೂ ಅವ. ಎಟಿಎಂ ಪಿನ್, ಬ್ಯಾಂಕಿನ ಪಾಸ್‌ವರ್ಡ್, ಇವನ್ನ ಯಾವ ಚೀಟ್ಯಾಗೂ ಬರೀಬ್ಯಾಡ್ರಿ. ಓಟಿಪಿ ಅಂತೂ ಯಾರಿಗೂ ಹೇಳೂದ ಬ್ಯಾಡ. ಬ್ಯಾಂಕಿನ ಪುಸ್ತಕ ಎಲ್ಲವ, ಠೇವಣಿ ಯಾವಾಗ ಮುಗೀತಾವ, ನಾಮಿನಿ ಯಾರು ಅನ್ನೂದು ಒಂದು ಕೆಂಪು ನೋಟ್‌ಬುಕ್ಕಿನಾಗ ಬರೆದು ಕಪಾಟಿನಾಗ ಇಟ್ಟೀನಿ, ಅದು ನಮ್ಮನಿಯವರಿಗೂ ಮಗಳಿಗೂ ಗೊತ್ತು. ಫೋನಿನ ಲಾಕ್ ತೆಗೀದನ ಕಾಣೂ ಹಂಗ ತುರ್ತು ಮಾಹಿತಿ ಬರಿಯೂ ಜಾಗಾ ಸೆಟ್ಟಿಂಗ್‌ನಾಗ ಇರ್ತದ. ಅಲ್ಲೆ ರಕ್ತದ ಗುಂಪು, ಬ್ಯಾನಿ, ಮನಿಯವರ ನಂಬರು ಹಾಕಿಡ್ರಿ. ದಾರ್ಯಾಗ ಏನರೆ ಆದ್ರ ಪರರಿಗೂ ತಿಳೀತದ.

ಸುರು ಮಾಡೂದಾದ್ರ ಎಲ್ಲಾ ಒಮ್ಮೆಲೆ ಹಾಕ್ಕೋಬ್ಯಾಡ್ರಿ, ತಲಿ ಕೆಡ್ತದ. ಮೊದಲ ಹದಿನೈದು ದಿನ ಕಿರಾಣಿ ಚೀಟಿ ಒಂದ. ಮನ್ಯಾಗ ಇನ್ನೊಬ್ಬರನ್ನ ಸೇರಿಸಿಕೊಳ್ಳೂದು ಮರೀಬ್ಯಾಡ್ರಿ, ಅವರು ಸೇರದಿದ್ರ ಅದು ಬರೇ ನಿಮ್ಮದೊಂದು ಹೊಸಾ ಕೆಲಸ ಆಗ್ತದ. ಆಮ್ಯಾಲ ಗುಳಿಗಿ ಚೀಟಿ. ಮನ್ಯಾಗ ಹಿರಿಯರು ಇದ್ದವರು ಇದನ್ನ ಈ ವಾರನ ಬರೀರಿ, ಆ್ಯಪ್ ಬರದಿದ್ರ ಕಾಗದದ ಮ್ಯಾಲ ಬರೆದು ಫ್ರಿಜ್ಜಿಗೆ ಹಚ್ಚರಿ. ಅದೂ ನಡೀತದ.

ಮತ್ತ ಒಂದು ಕೆಲಸ ಮಾಡ್ರಿ. ಫೋನಿನಾಗ ಧ್ವನಿ ಮುದ್ರಿಸೂ ಆ್ಯಪ್ ಇರ್ತದ. ಅತ್ತಿಯವರು ದವಾಖಾನಿಯಿಂದ ಬಂದು ಚೇತರಿಸಿಕೊಂಡ ಮ್ಯಾಲ ಒಂದು ಮಧ್ಯಾಹ್ನ ಅವರ ಮುಂದ ಫೋನ್ ಇಟ್ಟು, "ಸಾರಿನ ಪುಡಿ ಅಳತಿ ಹೇಳ್ರಿ" ಅಂದೆ. ಪಾವು, ಚಟಾಕು, ಮುಷ್ಟಿ, "ಕೈಗೆ ಬಂದಷ್ಟು" ಅಂತ ಹೇಳಿಕೋತ ಹೋದ್ರು. ಕೈಗೆ ಬಂದಷ್ಟು ಅಂದ್ರ ಎಷ್ಟು ಅಂತ ಅವರ ಮುಂದನ ಕೊತ್ತಂಬರಿ ಬೀಜ ತೂಗಿ ಬರಕೊಂಡೆ. ನಡುವ ಅವರ ಅತ್ತಿ ಸುದ್ದಿ, ಬರಗಾಲದ ಸುದ್ದಿ, ಎಲ್ಲಾ ಬಂತು. ಇಪ್ಪತ್ತು ನಿಮಿಷದ್ದು ಆಗೇದ. ಮಗಳಿಗೂ ಕಳಿಸೀನಿ. ಯಾರಿಗರೆ ಆ ಅಳತಿ ಬೇಕಾದ್ರ ಹೇಳ್ರಿ, ಇಲ್ಲಾ ಮನಿಗೇ ಬರ್ರಿ, ಚಹಾ ಕುಡಕೋತ ಕೀಪೂ ಹಾಕಿಕೊಡ್ತೀನಿ.